ವರದಿ ಊರಿಗೆ ಮರಳಬೇಕು

(ತಾಲ್ಲೂಕು ವರದಿಗಾರರು, ಪತ್ರಿಕೋದ್ಯಮದ ವಿದ್ಯಾರ್ಥಿಗಳು ಮತ್ತು ಸ್ವಸಹಾಯ ಸಂಘಗಳ ಸದಸ್ಯೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಸಮುದಾಯ ಪತ್ರಿಕೋದ್ಯಮ ಎಂದ ಕೂಡಲೇ ನನಗೆ ನೆನಪಾಗುವುದು ಕಾಸರಗೋಡು ಜಿಲ್ಲೆಯ ಪಡ್ರೆ. ಎಣ್ಮಕಜೆ ಪಂಚಾಯತಿಗೆ ಸೇರಿದ ಊರು. ರಾಜ್ಯ ಕೇರಳ, ಜನರ ಮಾತು ಕನ್ನಡ, ತುಳು. ಗುಡ್ಡದ ನೆತ್ತಿಯಲ್ಲಿ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟ, ತಗ್ಗಿನಲ್ಲಿ ಮನೆಗಳು, ಅಡಿಕೆ ತೋಟಗಳು, ನೀರಿಗಾಗಿ ಗುಡ್ಡದ ಹೊಟ್ಟೆಯೊಳಗೆ ಕೊರೆದ ಸುರಂಗಗಳು. 1970ರ ದಶಕದ ಕೊನೆಯಿಂದ 2000ದವರೆಗೂ ಆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದರು. ಮೇಲೆ ಬಿದ್ದದ್ದು ಮಳೆಯೊಂದಿಗೆ ಕೆಳಗಿಳಿಯಿತು. ತೋಡಿಗೆ ಬಂತು, ಸುರಂಗದ ನೀರಿಗೆ ಬಂತು.

ಕಾಲು ತಿರುಚಿಕೊಂಡ ಕರುಗಳು ಹುಟ್ಟುತ್ತಿರುವುದನ್ನು ಗಮನಿಸಿ 1980ರ ದಶಕದ ಆರಂಭದಲ್ಲೇ ಬರೆದವರು ಶ್ರೀ ಪಡ್ರೆ. ಅವರು ಅಲ್ಲಿಯದೇ ಅಡಿಕೆ ಕೃಷಿಕರು, ಜೊತೆಗೆ ಪತ್ರಕರ್ತರು. ಬರೆದರು, ಅಚ್ಚಾಯಿತು. ಯಾವ ಕಚೇರಿಯೂ ಅಲುಗಲಿಲ್ಲ, ಸಿಂಪಡಣೆಯೂ ನಿಲ್ಲಲಿಲ್ಲ. ಪಕ್ಕದ ವಾಣಿನಗರದಲ್ಲಿ ಚಿಕಿತ್ಸಾಲಯ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಅವರಿಗೆ ಬೇರೊಂದು ವಿಷಯ ಕಣ್ಣಿಗೆ ಬಿತ್ತು. ಒಂದೇ ಪ್ರದೇಶದ ಮನೆಗಳಿಂದ ಕ್ಯಾನ್ಸರ್, ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟು ಅಂಗವೈಕಲ್ಯದ ರೋಗಿಗಳು ಮತ್ತೆ ಮತ್ತೆ ಬರುತ್ತಿದ್ದರು. ಅವರು ಮನೆ ಮನೆಯ ವಿವರ ಇಟ್ಟುಕೊಂಡರು, ಬೇರೆ ವೈದ್ಯರನ್ನು ಕೇಳಿದರು, ಪತ್ರಗಳನ್ನು ಬರೆದರು. ಜಿಲ್ಲೆಯ ಇನ್ನೊಂದು ಭಾಗದಲ್ಲಿ, ಪೆರಿಯದ ಕಡೆ, ಕೃಷಿ ಇಲಾಖೆಯಲ್ಲೇ ಕೆಲಸ ಮಾಡುತ್ತಿದ್ದ ಲೀಲಾಕುಮಾರಿ ಅಮ್ಮ ಎಂಬ ಮಹಿಳೆ ಸಿಂಪಡಣೆಯ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಒಬ್ಬ ಕೃಷಿಕ ಬರಹಗಾರ, ಒಬ್ಬ ಹಳ್ಳಿ ವೈದ್ಯ, ಒಬ್ಬ ಸರ್ಕಾರಿ ನೌಕರೆ. ಮೂವರೂ ತಾವಿದ್ದ ಜಾಗದಲ್ಲೇ ನಿಂತು ಕಂಡದ್ದನ್ನು ಹೇಳಿದವರು.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆಗೆ ಬಂದು ನೀರು, ಮಣ್ಣು, ರಕ್ತ, ತಾಯಿಹಾಲಿನ ಮಾದರಿಗಳನ್ನು ಒಯ್ದು ಪರೀಕ್ಷಿಸಿ ತಮ್ಮ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಮೇಲೆಯೇ ದೇಶದ ಗಮನ ಅತ್ತ ಹರಿದದ್ದು. ಮಲಯಾಳಂ ಪತ್ರಿಕೆಗಳು ಚಿತ್ರಗಳನ್ನು ಪ್ರಕಟಿಸಿದವು, ಸಮಿತಿಗಳ ಮೇಲೆ ಸಮಿತಿಗಳು ಬಂದವು. ಕೆಲವು ಸಮಿತಿಗಳು ರೋಗಕ್ಕೂ ಕೀಟನಾಶಕಕ್ಕೂ ಸಂಬಂಧವೇ ಇಲ್ಲ ಎಂದು ಬರೆದುಕೊಟ್ಟವು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ ಸಂಬಂಧ ಇರುವುದರತ್ತ ಬೆರಳು ತೋರಿಸಿತು. 2011ರ ಏಪ್ರಿಲಿನಲ್ಲಿ, ಜಗತ್ತೇ ಕೈಬಿಡಬೇಕಾದ ವಿಷಗಳನ್ನು ಹೆಸರಿಸುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು. ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದರ ಉತ್ಪಾದನೆ, ಮಾರಾಟ, ಬಳಕೆಗೆ ತಡೆ ನೀಡಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು.

ಕರುವಿನ ಸುದ್ದಿ ಬರೆದ ದಿನದಿಂದ ಪರಿಹಾರದ ಆದೇಶದವರೆಗೆ ಒಂದು ತಲೆಮಾರು ಕಳೆದುಹೋಗಿದೆ. ಪೇಟೆಯಿಂದ ಬಂದ ಯಾವ ವರದಿಗಾರನೂ ಒಂದು ವಿಷಯದ ಹಿಂದೆ ಅಷ್ಟು ಕಾಲ ಬೀಳುವುದಿಲ್ಲ. ಅವನಿಗೆ ನಾಳೆ ಬೇರೆ ಕೆಲಸವಿರುತ್ತದೆ, ಮುಂದಿನ ವರ್ಷ ಬೇರೆ ಊರಿಗೆ ವರ್ಗವಾಗುತ್ತದೆ. ಪಡ್ರೆಯಲ್ಲಿ ಬರೆದವರು ಅದೇ ಗಾಳಿಯಲ್ಲಿ, ಅದೇ ನೆರೆಹೊರೆಯಲ್ಲಿ ಬದುಕಿದರು. ಅವರಿಗೆ ಬಿಟ್ಟುಹೋಗುವ ಅವಕಾಶವೇ ಇರಲಿಲ್ಲ. ಹಾಗೆಂದು ಸ್ಥಳೀಯರ ಛಲವೊಂದೇ ಸಾಕಾಯಿತೆಂದೂ ನಾನು ಹೇಳಲಾರೆ. ದೆಹಲಿಯ ಪ್ರಯೋಗಾಲಯ, ರಾಷ್ಟ್ರಮಟ್ಟದ ಪತ್ರಿಕೆ, ಮಲಯಾಳಂ ಪತ್ರಿಕೆಗಳ ಸಂಪಾದಕರು, ಕೋರ್ಟಿನ ಕಟಕಟೆ ಎಲ್ಲವೂ ಬೇಕಾದವು. ಊರಿನವರು ಕಂಡದ್ದು ಊರಿನ ಪತ್ರಕರ್ತನ ಮೂಲಕ ದೊಡ್ಡ ಮಾಧ್ಯಮಕ್ಕೆ ಹೋಗಬೇಕು, ಅಲ್ಲಿಂದ ಉತ್ತರವಾಗಿ ಊರಿಗೆ ಮರಳಬೇಕು. ಹೋಗುವ ದಾರಿ ನಮ್ಮಲ್ಲಿ ಹೇಗೋ ಇದೆ. ಮರಳುವ ದಾರಿಯ ಬಗ್ಗೆ ಯಾರೂ ತಲೆಕೆಡಿಸಿಕೊಂಡಿಲ್ಲ. ಇಂದು ನಾನು ಮಾತನಾಡಬೇಕೆಂದಿರುವುದು ಆ ಮರಳುವ ದಾರಿಯ ಬಗ್ಗೆ.

ಇದೇ ವಿಷ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರು ತೋಪುಗಳ ಮೇಲೂ ಬಿದ್ದಿತ್ತು. ಪಡ್ರೆಯಿಂದ ಕೊಕ್ಕಡಕ್ಕೆ ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಹೋಗಿ ಬರಬಹುದು. ಆದರೂ ಕರ್ನಾಟಕ ಸರ್ಕಾರ ಎಂಡೋಸಲ್ಫಾನ್ ನಿಷೇಧಿಸಿದ್ದು 2011ರ ಫೆಬ್ರುವರಿಯಲ್ಲಿ, ಪಡ್ರೆಯ ಪರೀಕ್ಷಾ ವರದಿ ಬಂದು ಹತ್ತು ವರ್ಷಗಳಾದ ಮೇಲೆ. ಸುದ್ದಿಗೆ ರಾಜ್ಯದ ಗಡಿ ದಾಟುವುದು ಎಷ್ಟು ಕಷ್ಟ ನೋಡಿ. ರಾಜ್ಯದ ಗಡಿ ಹಾಗಿರಲಿ, ಇಂದು ಜಿಲ್ಲೆಯ ಗಡಿಯನ್ನೂ ಅದು ದಾಟುವುದಿಲ್ಲ.

ಜಿಲ್ಲಾ ಪುಟಗಳು ಬಂದಾಗ ನಾವೆಲ್ಲ ಸಂಭ್ರಮಿಸಿದ್ದೆವು. ಹಳ್ಳಿಯ ಹೆಸರು ಪತ್ರಿಕೆಯಲ್ಲಿ ದಿನಾ ಬರುತ್ತದೆ, ಗ್ರಾಮ ಪಂಚಾಯತಿಯ ಸಭೆಗೂ ಜಾಗ ಸಿಗುತ್ತದೆ ಎಂದು. ಸಿಕ್ಕಿತು, ನಿಜ. ಆದರೆ ಪಾವಗಡದ ನೀರಿನ ಸುದ್ದಿ ತುಮಕೂರಿನ ಪುಟದಲ್ಲೇ ಹುಟ್ಟಿ ಅಲ್ಲೇ ಉಳಿಯಿತು. ಅದನ್ನು ಓದಬೇಕಾದ ಇಲಾಖೆಯ ಕಾರ್ಯದರ್ಶಿ ಬೆಂಗಳೂರಿನಲ್ಲಿದ್ದಾರೆ. ಅವರ ಮೇಜಿಗೆ ಬರುವ ಪತ್ರಿಕೆಯಲ್ಲಿ ಆ ಪುಟವಿಲ್ಲ. ಪಕ್ಕದ ಚಳ್ಳಕೆರೆಯ ರೈತನಿಗೂ ಅದು ಸಿಗುವುದಿಲ್ಲ, ಅವನ ಸಮಸ್ಯೆಯೂ ಅದೇ ಆಗಿದ್ದರೂ ಸಹ. ಊರಿಗೆ ತನ್ನ ಮುಖ ಕಾಣಿಸಿತು, ಬೇರೆ ಯಾರಿಗೂ ಆ ಊರು ಕಾಣಿಸಲಿಲ್ಲ. ಇದನ್ನು ಸಮುದಾಯ ಪತ್ರಿಕೋದ್ಯಮ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಇದಕ್ಕಿಂತ ಬೇರೆಯಾದ ಒಂದು ಉದಾಹರಣೆ ನಮ್ಮ ಕರಾವಳಿಯಲ್ಲೇ ಇದೆ. 1988ರಲ್ಲಿ ಪುತ್ತೂರಿನಿಂದ 'ಅಡಿಕೆ ಪತ್ರಿಕೆ' ಎಂಬ ಮಾಸಿಕ ಹೊರಟಿತು. ಶ್ರೀ ಪಡ್ರೆಯವರೇ ಅದರ ಚುಕ್ಕಾಣಿ ಹಿಡಿದವರಲ್ಲಿ ಒಬ್ಬರು. ಆ ಕಾಲದ ಕೃಷಿ ಪುಟಗಳನ್ನು ನೆನಪಿಸಿಕೊಳ್ಳಿ. ಹೆಕ್ಟೇರಿಗೆ ಇಷ್ಟು ಕಿಲೋ ಗೊಬ್ಬರ, ಲೀಟರಿಗೆ ಇಷ್ಟು ಮಿಲಿ ಕೀಟನಾಶಕ ಎಂಬ ವಿಜ್ಞಾನಿಗಳ ಸಲಹೆ, ಅದನ್ನು ಕೈಕಟ್ಟಿ ಓದುವ ರೈತ. 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಬರೆಯಲು ಬಾರದೆಂದು ಹಿಂಜರಿಯುವವರಿಗೆ ತರಬೇತಿ ಶಿಬಿರಗಳನ್ನೇ ನಡೆಸಿತು. ಕೊಳೆರೋಗಕ್ಕೆ ಮದ್ದು ಬಿಡಲು ಮಳೆಯಲ್ಲಿ ನೆನೆದು ಮರ ಹತ್ತುವವರ ಕಷ್ಟ ಏನೆಂದು ಗೊತ್ತಿದ್ದವನೇ ಅದರ ಬಗ್ಗೆ ಬರೆದರೆ ಬರಹದ ಹದವೇ ಬೇರೆಯಾಗುತ್ತದೆ. ಮಳೆನೀರು ಕೊಯ್ಲಿನ ಮಾತು ಸರ್ಕಾರಿ ಯೋಜನೆಗಳ ಬಾಯಿಗೆ ಬರುವ ಮೊದಲೇ ಆ ಪತ್ರಿಕೆಯಲ್ಲಿ ಬಂದಿತ್ತು. ಹಿತ್ತಲಲ್ಲಿ ಬಿದ್ದು ಕೊಳೆಯುತ್ತಿದ್ದ ಹಲಸಿಗೆ ಮಾರುಕಟ್ಟೆ ಹುಡುಕುವ ಕೆಲಸವನ್ನೂ ಅದು ಸಂಚಿಕೆಯಿಂದ ಸಂಚಿಕೆಗೆ ಬಿಡದೆ ಮಾಡಿತು.

ನನಗೆ ಅದರಲ್ಲಿ ಬಹಳ ಹಿಡಿಸಿದ್ದು ಒಂದು ಚಿಕ್ಕ ವಿಷಯ. ಲೇಖನದ ಕೊನೆಯಲ್ಲಿ ಆ ಕೃಷಿಕನ ದೂರವಾಣಿ ಸಂಖ್ಯೆ ಇರುತ್ತದೆ. ಇದು ಓದುಗರಿಗೆ ಮಾಡಿಕೊಟ್ಟ ಅನುಕೂಲ ಮಾತ್ರ ಎಂದುಕೊಳ್ಳಬೇಡಿ. ಬರೆದವನ ಮೇಲೆ ಅದು ಹಾಕುವ ಹೊಣೆ ದೊಡ್ಡದು. ಎಕರೆಗೆ ಇಷ್ಟು ಇಳುವರಿ ಎಂದು ನಾನು ಉಬ್ಬಿಸಿ ಬರೆದರೆ, ಮರುದಿನವೇ ಶಿರಸಿಯಿಂದಲೋ ತೀರ್ಥಹಳ್ಳಿಯಿಂದಲೋ ಯಾರೋ ಆ ಮನೆಗೆ ಫೋನ್ ಮಾಡುತ್ತಾರೆ. "ಹಾಗೇನಿಲ್ಲ ಮಾರಾಯರೇ, ಅವರು ಸ್ವಲ್ಪ ಹೆಚ್ಚಾಗಿ ಬರೆದಿದ್ದಾರೆ" ಎಂದು ಅವರು ಹೇಳಿದರೆ ನನ್ನ ಮಾನ ಹೋದಂತೆಯೇ. ಸಂಪಾದಕನ ಕತ್ತರಿಗಿಂತ ಈ ಫೋನ್ ಕರೆಗೆ ವರದಿಗಾರ ಹೆಚ್ಚು ಹೆದರಬೇಕು. ಯಶೋಗಾಥೆ ಎಂಬ ಹೆಸರಿನಲ್ಲಿ ನಾವು ಅಚ್ಚು ಹಾಕುವ ಎಷ್ಟು ಬರಹಗಳು ಈ ಒಂದು ಪರೀಕ್ಷೆಯಲ್ಲಿ ಗೆಲ್ಲುತ್ತವೆ?

ನನ್ನದೂ ಒಂದು ರೂಢಿ ಇದೆ. ಸಾಮಾನ್ಯ ಜನರ ಬಗ್ಗೆ ಬರೆದದ್ದನ್ನು ಕಳುಹಿಸುವ ಮೊದಲು ಅವರಿಗೇ ಓದಿ ಹೇಳುತ್ತೇನೆ. ಪತ್ರಿಕೋದ್ಯಮದ ತರಗತಿಯಲ್ಲಿ ಇದಕ್ಕೆ ವಿರುದ್ಧವಾದದ್ದನ್ನು ಕಲಿಸುತ್ತಾರೆಂದು ಗೊತ್ತು. ಪ್ರಕಟವಾಗುವ ಮುನ್ನ ವರದಿಯನ್ನು ಮೂಲಕ್ಕೆ ತೋರಿಸಬಾರದು, ಅವರು ಒತ್ತಡ ತರುತ್ತಾರೆ, ಮಾತು ಬದಲಿಸುತ್ತಾರೆ ಎಂಬುದು ಆ ನಿಯಮ. ಸಚಿವರ ವಿಷಯದಲ್ಲಿ, ಅಧಿಕಾರಿಗಳ, ಗುತ್ತಿಗೆದಾರರ ವಿಷಯದಲ್ಲಿ ಅದು ಸರಿ. ಅವರ ಬಳಿ ಪ್ರಕಟಣೆ ಹೊರಡಿಸಲು ಕಚೇರಿ ಇದೆ, ನೋಟಿಸ್ ಕೊಡಲು ವಕೀಲರಿದ್ದಾರೆ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತ ಹೆಂಗಸಿಗೆ ಏನಿದೆ? ಅವಳ ಬಗ್ಗೆ ನಾವು ಬರೆದದ್ದು ತಪ್ಪಾದರೆ ಅವಳು ಎಲ್ಲಿಗೆ ಹೋಗಬೇಕು?

ನನ್ನ ಕಿರಿಯ ಸಹೋದ್ಯೋಗಿಯೊಬ್ಬರು ಪಡಿತರದ ಬಗ್ಗೆ ವರದಿ ಮಾಡಲು ಹೋಗಿದ್ದರು. ಒಬ್ಬ ವಯಸ್ಸಾದ ತಾಯಿ ಹೇಳಿದ್ದನ್ನು ಕೇಳಿ, ಆ ಊರಿಗೆ ಎರಡು ತಿಂಗಳಿಂದ ಅಕ್ಕಿ ಬಂದಿಲ್ಲ ಎಂದು ಬರೆದಿದ್ದರು. ಅಲ್ಲೇ ಜಗಲಿಯಲ್ಲಿ ಕುಳಿತು ಓದಿ ಹೇಳಿದಾಗ ಆ ತಾಯಿ ತಡೆದರು. "ಹಾಗಲ್ಲಮ್ಮ. ಅಕ್ಕಿ ಬಂದಿದೆ. ಹೆಬ್ಬೆಟ್ಟನ್ನು ಎರಡು ಸಲ ಒತ್ತಿಸಿಕೊಂಡರು, ಕೊಟ್ಟದ್ದು ಒಂದು ತಿಂಗಳಿನದು ಮಾತ್ರ." ನೋಡಿ, ಅಕ್ಕಿ ಬಂದಿಲ್ಲ ಎಂದು ಬರೆದಿದ್ದರೆ ಆಹಾರ ಇಲಾಖೆ ದಾಸ್ತಾನು ಬಿಡುಗಡೆಯ ದಾಖಲೆ ತೋರಿಸಿ ವರದಿಯೇ ಸುಳ್ಳು ಎನ್ನುತ್ತಿತ್ತು, ಸುದ್ದಿ ಅಲ್ಲಿಗೆ ಮುಗಿಯುತ್ತಿತ್ತು. ಎರಡು ಬೆರಳಚ್ಚು, ಒಂದು ತಿಂಗಳ ಅಕ್ಕಿ ಎಂಬುದನ್ನು ಯಂತ್ರದ ದಾಖಲೆಯಿಂದಲೇ ಹಿಡಿಯಬಹುದು. ಹಿಡಿದರು. ನಿಜವಾದ ಸುದ್ದಿ ಏನೆಂದು ಗೊತ್ತಿದ್ದದ್ದು ಆ ತಾಯಿಗೆ. ಓದಿ ಹೇಳದೆ ಇದ್ದಿದ್ದರೆ ಅವರಿಗೆ ಅದನ್ನು ಹೇಳುವ ಸಂದರ್ಭವೇ ಬರುತ್ತಿರಲಿಲ್ಲ.

ತಮ್ಮ ಬಗ್ಗೆ ಬೇರೆಯವರು ಹೇಳಿದ್ದನ್ನು ತಿದ್ದುವ ಹಕ್ಕು ಪತ್ರಕರ್ತರಿಗೂ ಬೇಕಾಗುತ್ತದೆ. ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಹುಟ್ಟಿದ 'ಖಬರ್ ಲಹರಿಯಾ' ನಿಮಗೆ ಗೊತ್ತಿರಬಹುದು. ಬುಂದೇಲಿ ಭಾಷೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು, ಅವರಲ್ಲಿ ಬಹುಪಾಲು ದಲಿತರು, ತಾವೇ ಸುದ್ದಿ ತಂದು, ಬರೆದು, ಮಾರುತ್ತಿದ್ದ ಪತ್ರಿಕೆ. 2009ರಲ್ಲಿ ಯುನೆಸ್ಕೋದ ಸಾಕ್ಷರತಾ ಪ್ರಶಸ್ತಿ ಬಂತು. ಈಗ ಪೂರ್ತಿ ಡಿಜಿಟಲ್ ಆಗಿದೆ. ಅವರ ಕುರಿತ ಸಾಕ್ಷ್ಯಚಿತ್ರವೊಂದು 2022ರಲ್ಲಿ ಆಸ್ಕರ್ ನಾಮನಿರ್ದೇಶನ ಪಡೆದು ಜಗತ್ತೆಲ್ಲ ಹೊಗಳುತ್ತಿದ್ದಾಗ, ಅದೇ ಹೆಣ್ಣುಮಕ್ಕಳು ಹೇಳಿಕೆ ಹೊರಡಿಸಿ, ಚಿತ್ರ ಮನಮುಟ್ಟುವಂತಿದ್ದರೂ ತಾವು ಒಂದೇ ಪಕ್ಷದ ಬೆನ್ನುಬಿದ್ದವರೆಂಬಂತೆ ತೋರಿಸಿರುವುದು ತಮ್ಮ ಕೆಲಸದ ಪೂರ್ತಿ ಚಿತ್ರವಲ್ಲ ಎಂದರು. ಆ ಹೊಗಳಿಕೆಯ ನಡುವೆ ಹಾಗೆ ಹೇಳಲು ಎದೆಗಾರಿಕೆ ಬೇಕು. ಅವರಿಗೆ ಹೇಳಲು ತಮ್ಮದೇ ವೇದಿಕೆ ಇತ್ತು. ನಮ್ಮ ವರದಿಗಳಲ್ಲಿ ಬಂದುಹೋಗುವ ಹೆಚ್ಚಿನವರಿಗೆ ಅದಿಲ್ಲ.

ಛತ್ತೀಸಗಢದ ಕಾಡಿನ ಕಡೆ ಹೋಗೋಣ. ಗೊಂಡಿ ನಮ್ಮ ಕನ್ನಡದ ದಾಯಾದಿ ಭಾಷೆ. 2011ರ ಜನಗಣತಿಯಂತೆ ಅದನ್ನು ಆಡುವವರು ಸುಮಾರು 30 ಲಕ್ಷ. ಅಷ್ಟು ಜನರಿಗೆ ಅವರ ಮಾತಿನಲ್ಲಿ ಒಂದು ದಿನಪತ್ರಿಕೆ ಇರಲಿಲ್ಲ. ಅಲ್ಲಿಂದ ಬರುವ ಸುದ್ದಿಯೆಂದರೆ ನಕ್ಸಲರು ಹೀಗೆ ಮಾಡಿದರು, ಪೊಲೀಸರು ಹಾಗೆ ಮಾಡಿದರು ಎಂಬುದಷ್ಟೇ. ಬಿಬಿಸಿಯಲ್ಲಿ ಕೆಲಸ ಮಾಡಿದ್ದ ಶುಭ್ರಾಂಶು ಚೌಧರಿ 2010ರಲ್ಲಿ ಅಲ್ಲಿ 'ಸಿಜಿನೆಟ್ ಸ್ವರ' ಎಂಬ ವ್ಯವಸ್ಥೆ ಆರಂಭಿಸಿದರು. ಓದುಬರಹ ಬೇಡ, ಇಂಟರ್ನೆಟ್ ಬೇಡ, ಸಾಧಾರಣ ಮೊಬೈಲ್ ಸಾಕು. ಒಂದು ಸಂಖ್ಯೆಗೆ ಮಿಸ್ಡ್ ಕಾಲ್ ಕೊಟ್ಟರೆ ಅಲ್ಲಿಂದ ಕರೆ ಬರುತ್ತದೆ. ಒಂದನ್ನು ಒತ್ತಿದರೆ ನಿಮ್ಮ ಮಾತು ದಾಖಲಾಗುತ್ತದೆ, ಎರಡನ್ನು ಒತ್ತಿದರೆ ಬೇರೆಯವರು ಹೇಳಿದ್ದು ಕೇಳಿಸುತ್ತದೆ. ಇದರ ತಂತ್ರಜ್ಞಾನ ರೂಪುಗೊಳ್ಳಲು ನೆರವಾದದ್ದು ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದವರು. ಆರಂಭದಲ್ಲಿ ಕಾಡಿನ ಜನ ಡಯಲ್ ಮಾಡುತ್ತಿದ್ದದ್ದು 080ಯಿಂದ ಶುರುವಾಗುವ ನಮ್ಮ ಬೆಂಗಳೂರಿನ ಸಂಖ್ಯೆಯನ್ನು!

ಅಲ್ಲಿ ನಡೆಯುವ ಕೆಲಸದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಊರಿನಲ್ಲಿ ಕೊಳವೆಬಾವಿ ಕೆಟ್ಟಿದೆ ಎಂದು ಒಬ್ಬರು ಹೇಳುತ್ತಾರೆ. ಆ ಮಾತು ನೇರವಾಗಿ ಪ್ರಸಾರವಾಗುವುದಿಲ್ಲ. ಪತ್ರಕರ್ತರಾಗಿ ತರಬೇತಿ ಪಡೆದವರು ಕೇಳಿ, ಹೇಳಿದವರಿಗೆ ಮತ್ತೆ ಕರೆ ಮಾಡಿ, ವಿಷಯ ಖಚಿತ ಮಾಡಿಕೊಂಡು ಆಮೇಲೆ ಬಿಡುತ್ತಾರೆ. ಸಂದೇಶದ ಕೊನೆಯಲ್ಲಿ ಸಂಬಂಧಪಟ್ಟ ಅಧಿಕಾರಿಯ ಫೋನ್ ಸಂಖ್ಯೆ ಇರುತ್ತದೆ, ದಯವಿಟ್ಟು ಇವರಿಗೆ ಕರೆ ಮಾಡಿ ಒತ್ತಾಯಿಸಿ ಎಂಬ ವಿನಂತಿ ಇರುತ್ತದೆ. ದೂರದ ನಗರಗಳಲ್ಲಿ ಕೇಳಿಸಿಕೊಂಡವರು ಆ ಅಧಿಕಾರಿಗೆ ಕರೆ ಮಾಡುತ್ತಾರೆ. ಹಳ್ಳಿಯವನ ಅರ್ಜಿಯನ್ನು ಕಡತದಡಿ ಸೇರಿಸುವ ಅಧಿಕಾರಿಗೆ ಗುರುತಿಲ್ಲದ ಊರುಗಳಿಂದ ಫೋನ್ ಬರತೊಡಗಿದರೆ ಕೈ ಓಡುತ್ತದೆ. ಕೊಳವೆಬಾವಿ ದುರಸ್ತಿಯಾದರೆ ಮೊದಲು ಹೇಳಿದವರೇ ಮತ್ತೆ ಕರೆ ಮಾಡಿ, ಕೆಲಸ ಆಯಿತು, ಕರೆ ಮಾಡಿದವರಿಗೆಲ್ಲ ವಂದನೆ ಎಂದು ದಾಖಲಿಸುತ್ತಾರೆ. ನಮ್ಮ ಪತ್ರಿಕೆಗಳಲ್ಲಿ 'ವರದಿ ಫಲಶ್ರುತಿ' ಎಂದು ದೊಡ್ಡದಾಗಿ ಹಾಕಿಕೊಳ್ಳುತ್ತೇವಲ್ಲ, ಅದು ಪತ್ರಿಕೆ ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದು. ಇಲ್ಲಿ ಫಲ ಸಿಕ್ಕಿತೋ ಇಲ್ಲವೋ ಎಂದು ಹೇಳುವವರು ನೀರು ಕುಡಿಯುವವರು.

ಹಾಗಾದರೆ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಪ್ರತಿ ಊರಿಗೂ ವಾಟ್ಸ್ಆ್ಯಪ್ ಗುಂಪು ಇದೆ, ಇನ್ನು ಪತ್ರಕರ್ತ ಏಕೆ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಬೀದರ್ ಜಿಲ್ಲೆಯ ಮುರ್ಕಿಯ ಹೆಸರು ಹೇಳುತ್ತೇನೆ. 2018ರ ಜುಲೈ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ರಾಜ್ಯದ ತುಂಬ ಹರಡಿದ್ದ ಕಾಲ. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಸಿಕ್ಕ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಯಾರೋ ಅನುಮಾನಿಸಿದರು, ವಿಡಿಯೊ ಮಾಡಿದರು, ಗುಂಪಿಗೆ ಹಾಕಿದರು. ಕಾರು ಮುರ್ಕಿ ತಲುಪುವ ಮೊದಲೇ ವಿಡಿಯೊ ತಲುಪಿತ್ತು. ಜನ ದಾರಿ ಕಟ್ಟಿ ನಿಂತಿದ್ದರು. ಒಬ್ಬ ಯುವಕನನ್ನು ಹೊಡೆದು ಕೊಂದರು, ಬಿಡಿಸಲು ಬಂದ ಪೊಲೀಸರಿಗೂ ಪೆಟ್ಟಾಯಿತು.

ಆ ವಿಡಿಯೊ ಸ್ಥಳೀಯರದ್ದೇ. ಸ್ಥಳೀಯರು, ಸ್ಥಳೀಯರಿಗಾಗಿ, ತಮ್ಮದೇ ಭಾಷೆಯಲ್ಲಿ ಕಳುಹಿಸಿದ ಸುದ್ದಿ ಅದು. ಆದರೆ "ನೀವು ಯಾರು, ಮಕ್ಕಳಿಗೆ ಏನು ಕೊಟ್ಟಿರಿ?" ಎಂದು ಕೇಳಿ, ಕೇಳಿದ್ದನ್ನು ಪರೀಕ್ಷಿಸಿ ಆಮೇಲೆ ಕಳುಹಿಸುವವರು ಒಬ್ಬರೂ ಆ ದಾರಿಯಲ್ಲಿ ಇರಲಿಲ್ಲ. ಸಿಜಿನೆಟ್ ಸ್ವರದಲ್ಲಿ ಮಾತು ದಾಖಲಾದ ಮೇಲೆ ಪ್ರಸಾರವಾಗುವ ಮುನ್ನ ಒಂದು ಬಿಡುವು ಇದೆಯಲ್ಲ, ಪತ್ರಕರ್ತ ಬೇಕಾಗಿರುವುದು ಆ ಬಿಡುವಿನಲ್ಲಿ ಕೆಲಸ ಮಾಡುವುದಕ್ಕೆ. ನಿಮ್ಮಲ್ಲಿ ಎಷ್ಟೋ ಮಂದಿ ನಿಮ್ಮ ತಾಲ್ಲೂಕಿನ ಗುಂಪುಗಳಲ್ಲಿ ಇದ್ದೀರಿ. ಅನುಮಾನದ ವಿಡಿಯೊ ಬಂದಾಗ ಸುಮ್ಮನಿರಬೇಡಿ. ಠಾಣೆಗೆ ಫೋನ್ ಮಾಡಿ, ತಿಳಿದುಕೊಂಡು, ನಿಮ್ಮ ಹೆಸರು ಹಾಕಿ ಅದೇ ಗುಂಪಿನಲ್ಲಿ ಉತ್ತರ ಬರೆಯಿರಿ. ಮುಖಪುಟದ ಬೈಲೈನಿಗಿಂತ ಆ ಉತ್ತರ ದೊಡ್ಡದು ಎಂದು ನಾನು ನಂಬಿದ್ದೇನೆ.

ರೇಡಿಯೋದ ಮಾತು ಬಿಡುವ ಹಾಗಿಲ್ಲ. ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ 'ನಮ್ಮ ಧ್ವನಿ' ಆರಂಭಿಸಿದಾಗ ಹಳ್ಳಿಯವರಿಗೆ ಪ್ರಸಾರದ ಪರವಾನಗಿ ಕೊಡುವ ನೀತಿಯೇ ಇರಲಿಲ್ಲ. ಸಂಘದ ಹೆಣ್ಣುಮಕ್ಕಳು ಕಾರ್ಯಕ್ರಮ ಮಾಡಿದರು, ಸಂಘದ ಸಭೆಗಳಲ್ಲಿ ಟೇಪ್ ರೆಕಾರ್ಡರಿನಲ್ಲಿ ಕೇಳಿಸಿದರು, ಆಮೇಲೆ ಟಿವಿಯ ಕೇಬಲ್ ತಂತಿಯಲ್ಲೇ ಧ್ವನಿಯನ್ನು ಮನೆ ಮನೆಗೆ ಹರಿಸಿದರು. ಗಾಳಿ ಸಿಗದಿದ್ದರೆ ತಂತಿ. ಆ ಜಾಣ್ಮೆಯನ್ನು ನೆನೆದರೆ ಇವತ್ತಿಗೂ ಹೆಮ್ಮೆಯಾಗುತ್ತದೆ. 2006ರ ಕೊನೆಗೆ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸುವ ಅವಕಾಶ ಬಂತು. ಈಗ ಸರಗೂರಿನ 'ಜನಧ್ವನಿ'ಯಂಥ ಕೇಂದ್ರಗಳು ಕಾಡಂಚಿನ ಆದಿವಾಸಿ ಹಾಡಿಗಳಿಗೂ ತಲುಪುತ್ತಿವೆ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯವಾಗಿ ತಯಾರಾಗಬೇಕೆಂಬ ನಿಯಮವೂ ಇದೆ, ಒಳ್ಳೆಯ ನಿಯಮ.

ಆದರೆ ಈ ಕೇಂದ್ರಗಳು ತಮ್ಮದೇ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು, ಅಷ್ಟೇ. ಹವಾಮಾನ, ಪರೀಕ್ಷಾ ಫಲಿತಾಂಶ, ನೀರು ಮತ್ತು ವಿದ್ಯುತ್ ಸರಬರಾಜಿನ ಪ್ರಕಟಣೆಗಳನ್ನು ಸುದ್ದಿಯಲ್ಲ ಎಂದು ಪರಿಗಣಿಸಿ ಬಿಟ್ಟಿದ್ದಾರೆ. ಅಂದರೆ ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದು ಆ ಕೇಂದ್ರದ ಹುಡುಗಿ ಹೇಳಬಹುದು. ಟ್ಯಾಂಕಿನ ಕಾಮಗಾರಿ ಏಕೆ ನಿಂತಿತು, ಬಿಲ್ ಯಾರಿಗೆ ಪಾವತಿಯಾಯಿತು ಎಂಬುದನ್ನು ಸುದ್ದಿಯಾಗಿ ಓದುವಂತಿಲ್ಲ. ಹತ್ತು ಹದಿನೈದು ಕಿಲೋಮೀಟರಿಗೆ ಕೇಳುವ ಸಣ್ಣ ಕೇಂದ್ರಕ್ಕೆ ಈ ಬೇಲಿ, ಇಡೀ ದೇಶಕ್ಕೆ ಕೇಳುವಂತೆ ದಿನವಿಡೀ ಕಿರುಚುವ ಟಿವಿ ವಾಹಿನಿಗಳಿಗೆ ಇಲ್ಲ. ಇದನ್ನು ಪ್ರಶ್ನಿಸಿ 2013ರಲ್ಲೇ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಈ ನಿರ್ಬಂಧ ಅನ್ಯಾಯ, ಅದು ಹೋಗಬೇಕು. ಪತ್ರಕರ್ತರ ಸಂಘಗಳು ತಮ್ಮ ನಿವೇಶನದ ಬೇಡಿಕೆಯ ಪಕ್ಕದಲ್ಲೇ ಈ ಬೇಡಿಕೆಯನ್ನೂ ಬರೆಯಬೇಕು.

ಇನ್ನು ಹಣದ ವಿಷಯ. ಊರನ್ನೂ ಪತ್ರಿಕೆಯನ್ನೂ ಜೋಡಿಸುವ ಕೊಂಡಿ ತಾಲ್ಲೂಕಿನ ಬಿಡಿ ಸುದ್ದಿಗಾರ. ಅನೇಕ ಕಡೆ ಅವನೇ ಪತ್ರಿಕೆಯ ಏಜೆಂಟ್, ಅವನೇ ಜಾಹೀರಾತು ತರಬೇಕಾದವನು. ಅವನಿಗೆ ಕೊಡುವ ಗೌರವಧನ ಅವನ ಬೈಕಿನ ಪೆಟ್ರೋಲಿಗೆ ಸಾಲುವುದಿಲ್ಲ. ಗಣರಾಜ್ಯೋತ್ಸವಕ್ಕೋ ಶಾಸಕರ ಹುಟ್ಟುಹಬ್ಬಕ್ಕೋ ಜಾಹೀರಾತಿನ ಗುರಿ ಬರುತ್ತದೆ. ಜಾಹೀರಾತು ಕೊಡುವ ಶಕ್ತಿ ಇರುವವರು ಯಾರು? ಗುತ್ತಿಗೆದಾರರು, ಕ್ರಷರ್ ಮಾಲೀಕರು, ಪಂಚಾಯತಿ ಅಧ್ಯಕ್ಷರು. ಯಾರ ಬಗ್ಗೆ ಬರೆಯಬೇಕೋ ಅವರ ಮುಂದೆಯೇ ರಸೀದಿ ಪುಸ್ತಕ ಹಿಡಿದು ನಿಲ್ಲಿಸಿ, ಆಮೇಲೆ ನಿರ್ಭೀತ ಪತ್ರಿಕೋದ್ಯಮದ ಬಗ್ಗೆ ಅವನಿಗೆ ಕಾರ್ಯಾಗಾರ ಮಾಡುತ್ತೇವೆ. ಈ ಸಭೆಯಲ್ಲಿ ಸಂಪಾದಕರಿದ್ದಾರೆ, ಅದಕ್ಕಾಗಿಯೇ ಹೇಳುತ್ತಿದ್ದೇನೆ. ಸುದ್ದಿ ತರುವವನಿಂದ ಜಾಹೀರಾತಿನ ಹೊರೆ ಇಳಿಸಿ. ಅದೊಂದನ್ನು ಮಾಡದೆ ಬೇರೆ ಏನು ಮಾಡಿದರೂ ಊರಿನವರು ಅವನನ್ನು ನಂಬುವುದಿಲ್ಲ, ನಂಬದಿರುವುದರಲ್ಲಿ ಅವರ ತಪ್ಪಿಲ್ಲ.

ಇಷ್ಟು ನನ್ನ ಮಾತು. ಪ್ರಶ್ನೆಗಳಿದ್ದರೆ ಕೇಳಿ.

ಒಬ್ಬ ವಿದ್ಯಾರ್ಥಿ: ಸರ್, ಬರೆದದ್ದನ್ನು ಮೊದಲೇ ಓದಿ ಹೇಳಿದರೆ ಅವರು ಹೆದರಿ, ನನ್ನ ಮಾತು ಹಾಕಲೇಬೇಡಿ ಎಂದರೆ?

ಹಾಕಬಾರದು. ಅವರಿಗೆ ತಮ್ಮ ಊರು ನಮಗಿಂತ ಚೆನ್ನಾಗಿ ಗೊತ್ತು. ಅಪಾಯವಿದೆ ಎಂದು ಅವರು ಹೇಳಿದರೆ ಇದೆ ಎಂದೇ ಅರ್ಥ. ಆದರೆ ಅಲ್ಲಿಗೆ ಸುದ್ದಿ ಬಿಡಬೇಕಿಲ್ಲ. ಉದ್ಯೋಗ ಖಾತ್ರಿಯ ಹಾಜರಿ ಪಟ್ಟಿ ಸಾರ್ವಜನಿಕ ದಾಖಲೆ. ಸಾಮಾಜಿಕ ಲೆಕ್ಕಪರಿಶೋಧನೆಯ ವರದಿ, ಗ್ರಾಮಸಭೆಯ ನಡಾವಳಿ ಸಿಗುತ್ತವೆ. 2005ರಿಂದ ಮಾಹಿತಿ ಹಕ್ಕು ಇದೆ. ಕಾಗದ ಮಾತನಾಡುವ ಕಡೆ ಬಡವರನ್ನು ಸಾಕ್ಷಿಯಾಗಿ ಎಳೆದು ತರಬೇಕಾಗಿಲ್ಲ. ನಾವು ಕಚೇರಿ ಅಲೆಯುವ ಬೇಸರಕ್ಕೆ ಅವರ ಹೆಸರು ಬಳಸಿಕೊಳ್ಳುತ್ತೇವೆ, ಅದು ಸರಿಯಲ್ಲ.

ಸ್ವಸಹಾಯ ಸಂಘದ ಸದಸ್ಯೆಯೊಬ್ಬರು: ನೀವು ಬರೆದುಕೊಂಡು ಬಸ್ ಹತ್ತಿ ಹೋಗುತ್ತೀರಿ ಅಣ್ಣ. ಪೇಪರಿನಲ್ಲಿ ಹೆಸರು ನೋಡಿ ರಾತ್ರಿ ನಮ್ಮ ಬಾಗಿಲಿಗೆ ಬಂದವರಿಗೆ ಯಾರು ಉತ್ತರ ಕೊಡಬೇಕು?

ತಾಯಿ, ಇಲ್ಲಿರುವ ವರದಿಗಾರರೆಲ್ಲ ಉತ್ತರಿಸಬೇಕಾದ ಪ್ರಶ್ನೆ ಇದು. ನನ್ನ ಮಟ್ಟಿಗೆ ಹೇಳುತ್ತೇನೆ. ಮೊದಲನೆಯದಾಗಿ, ಒಬ್ಬರ ಹತ್ತಿರ ಮಾತ್ರ ಕೇಳಿ ಬರೆಯಬಾರದು. ಸಂಘದ ಸಭೆಗೆ ಬರಬೇಕು, ಸಂಘ ಒಟ್ಟಾಗಿ ಹೇಳಿದ್ದನ್ನು ಸಂಘದ ಮಾತೆಂದೇ ಬರೆಯಬೇಕು. ಒಬ್ಬಳನ್ನು ಬೆದರಿಸಿದಷ್ಟು ಸುಲಭವಾಗಿ ಹದಿನೈದು ಜನರನ್ನು ಬೆದರಿಸಲಾಗುವುದಿಲ್ಲ. ಎರಡನೆಯದಾಗಿ, ವರದಿ ಬಂದ ದಿನವೇ ಬರೆದವರು ಪತ್ರಿಕೆಯ ಪ್ರತಿ ತೆಗೆದುಕೊಂಡು ನಿಮ್ಮ ಊರಿಗೆ ಬರಬೇಕು, ಎಲ್ಲರಿಗೂ ಕಾಣುವಂತೆ ಬರಬೇಕು. ಈ ಹೆಣ್ಣುಮಕ್ಕಳ ಹಿಂದೆ ಪತ್ರಿಕೆ ಇದೆ ಎಂದು ಬೆದರಿಸುವವನಿಗೂ ತಿಳಿಯಬೇಕು. ಯಾರಾದರೂ ಬಾಗಿಲಿಗೆ ಬಂದರೆ ದೂರು ಕೊಡಲು ನಿಮ್ಮ ಜೊತೆ ಠಾಣೆಗೆ ಬರಬೇಕು, ಆ ಬೆದರಿಕೆಯನ್ನೂ ಸುದ್ದಿ ಮಾಡಬೇಕು, ಜಿಲ್ಲಾ ಪುಟದಲ್ಲಲ್ಲ, ರಾಜ್ಯಕ್ಕೆಲ್ಲ ಹೋಗುವ ಪುಟದಲ್ಲಿ. ಇದಕ್ಕೆಲ್ಲ ವರದಿಗಾರನಿಗೆ ಒಂದು ದಿನದ ಸಮಯ ಬೇಕು, ಓಡಾಟದ ಖರ್ಚು ಬೇಕು, ಡೆಸ್ಕಿನ ಒಪ್ಪಿಗೆ ಬೇಕು. ಸಂಪಾದಕರು ಎದುರಿಗೇ ಕುಳಿತಿದ್ದಾರೆ. ಸಭೆ ಮುಗಿದ ಮೇಲೆ ನೀವೂ ನಾನೂ ಸೇರಿ ಅವರನ್ನೇ ಕೇಳೋಣ, ಏನು ಹೇಳುತ್ತಾರೋ ಅದನ್ನು ನಿಮ್ಮ ಸಂಘದ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ.